ಎರಡನೇ ಕೋಣೆಯ ಬೋರ್ಡು

ಮೊದಲ ಮಾತುಕತೆ ನಿಗದಿಯಾದದ್ದು ಪುಸ್ತಕ ಕಟ್ಟುವ ಬೈಂಡರ್ ತಾತನ ಮೂಲಕ. ಮುದ್ರಣಾಲಯಗಳಲ್ಲಿ ದುಡಿದವರ ಬದುಕನ್ನು ಅವರದೇ ಮಾತಿನಲ್ಲಿ ದಾಖಲಿಸುವ ವಿಶ್ವವಿದ್ಯಾಲಯದ ಯೋಜನೆಯ ಪರವಾಗಿ ಅವನು ಕೆಲಸ ಮಾಡುವ ಮುದ್ರಣಾಲಯದ ವಿಳಾಸಕ್ಕೆ, ಅಲ್ಲಿನ ಹೆಂಗಸೊಬ್ಬರ ಹೆಸರಿಗೆ, ಎರಡು ಪತ್ರಗಳು ಹೋಗಿದ್ದವು. ಎರಡಕ್ಕೂ ಉತ್ತರ ಬರಲಿಲ್ಲ. ಮೂರನೆಯ ಸಲ ಪತ್ರದ ಬದಲು ಮನುಷ್ಯರೇ ಹೋದಾಗ, ಹಿಂಬಾಗಿಲ ಬಳಿ ಅಂಟು ಕಲಸುತ್ತ ಕುಳಿತಿದ್ದ ತಾತ ತಲೆಯೆತ್ತದೆ ಹೇಳಿದ:

"ಪತ್ರ ನೋಡಿದಾರೆ. ಅಂಚು ಕಿರಿದಾಗಿತ್ತಂತೆ. ಅಂಥ ಪತ್ರಕ್ಕೆ ಅವರು ಉತ್ತರ ಕೊಡಲ್ಲ."

ಇದನ್ನು ತಮಾಷೆಯೆಂದು ತೆಗೆದುಕೊಳ್ಳುವಂತಿರಲಿಲ್ಲ. ಪುಟ ಜೋಡಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಆ ಹೆಂಗಸು, ಪುಟದ ಸುತ್ತ ಬಿಡುವ ಬಿಳಿ ಜಾಗಕ್ಕಾಗಿ ಗಿರಾಕಿಗಳ ಜೊತೆಗೂ ಯಜಮಾನರ ಜೊತೆಗೂ ಜಗಳವಾಡುತ್ತ ಬಂದದ್ದರಿಂದಲೇ ಅವರಿಗೆ ಅಂಚಿನಮ್ಮ ಎಂಬ ಹೆಸರು ಬಿದ್ದಿತ್ತು. ಹೆಸರಿಟ್ಟವನೂ ತಾತನೇ. ಅಗಲವಾದ ಅಂಚು ಬಿಟ್ಟು ಮತ್ತೊಂದು ಪತ್ರ ಬರೆದು ಅವನ ಕೈಯಲ್ಲೇ ಕೊಟ್ಟಾಗ, ಎರಡು ದಿನದ ಮೇಲೆ ಷರತ್ತುಗಳು ಬಂದವು. ಊಟದ ಬಿಡುವಿನಲ್ಲಿ ಬೈಂಡಿಂಗ್ ಮೇಜಿನ ಬಳಿ ಮಾತಾಡುವುದು, ಮನೆಯಲ್ಲಿ ಬೇಡ. ಬರೆದದ್ದನ್ನು ಓದಿ ಹೇಳಬೇಕು. ಕೊನೆಯ ಷರತ್ತನ್ನು ತಾತ ಅವರ ದನಿಯಲ್ಲೇ ಹೇಳಿ ತೋರಿಸಿದ: "ನನ್ನ ಕೆಲಸದ ವಿಷಯ ಕೇಳೋದಾದ್ರೆ ಆ ಹದಿನೈದು ದಿನದ್ದು ಮೊದಲು ಕೇಳ್ಲಿ. ಹುಟ್ಟಿದ್ದು ಬೆಳೆದದ್ದು ಎಲ್ಲ ಆಮೇಲೆ."

ಆದ್ದರಿಂದ ಈ ನಿರೂಪಣೆಯೂ ಹುಟ್ಟಿನಿಂದ ಆರಂಭವಾಗುವುದಿಲ್ಲ. ಆ ಕಂಪ್ಯೂಟರಿನಿಂದ ಆರಂಭವಾಗುತ್ತದೆ.

ಮುದ್ರಣಾಲಯವೆಂದರೆ ಉದ್ದನೆಯ ಒಂದೇ ಹಜಾರ. ಬೀದಿಯ ಕಡೆ ಕೌಂಟರು, ನಡುವೆ ಮುದ್ರಿಸುವ ಯಂತ್ರ, ಹಿಂದೆ ಬೈಂಡಿಂಗ್ ಮೇಜು. ಕಿಟಕಿಯ ಪಕ್ಕದಲ್ಲಿ ಪುಟ ಜೋಡಿಸುವ ಕಂಪ್ಯೂಟರು. ಅದು ಒಂದೇ ಒಂದು. ಬೆಳಗಿನ ಪಾಳಿ ಅಂಚಿನಮ್ಮನದು, ಮಧ್ಯಾಹ್ನದ ಪಾಳಿ ಅವರ ವಾರಗಿತ್ತಿಯದು, ಅಂದರೆ ಗಂಡನ ತಮ್ಮನ ಹೆಂಡತಿಯದು. ಅಂಚಿನಮ್ಮ ಗಿಡ್ಡ, ವಾರಗಿತ್ತಿ ಎತ್ತರ. ಕುರ್ಚಿಯ ಮೇಲಿನ ಮಡಿಸಿದ ದಿಂಬು ಬೆಳಿಗ್ಗೆ ಕುರ್ಚಿಯ ಮೇಲಿರುತ್ತಿತ್ತು, ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ.

ಆ ಹದಿನೈದು ದಿನಕ್ಕೆ ಹನ್ನೊಂದು ವರ್ಷ ಮೊದಲು ಹಳೆಯ ಕಂಪ್ಯೂಟರು ಕೈಕೊಟ್ಟಾಗ, ದೊಡ್ಡ ಯಜಮಾನರ ಸ್ನೇಹಿತರೊಬ್ಬರು ಬಂದು ಹೊಸದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟಿದ್ದರು. ಹೊರಡುವ ಆತುರದಲ್ಲಿ, ಪರದೆಯ ಕೆಳಗಿನ, ಒತ್ತಿದರೆ ಒಂದೊಂದು ಬೇರೆ ಪರದೆ ತೆರೆಯುವ ನಾಲ್ಕು ಪುಟ್ಟ ಚೌಕಗಳನ್ನು ತೋರಿಸಿ, "ಇದರಲ್ಲಿ ನಾಲ್ಕು ಜಾಗ ಇವೆ, ಬೇಕಾದ ಹಾಗೆ ಹಂಚ್ಕೊಳ್ಳಿ" ಎಂದಿದ್ದರು. ಒಬ್ಬರೇ ತಮ್ಮ ಕೆಲಸವನ್ನು ನಾಲ್ಕು ಕಡೆ ಹರಡಿಕೊಳ್ಳಬಹುದು ಎಂಬುದು ಅವರ ಅಭಿಪ್ರಾಯ. ಮುದ್ರಣಾಲಯದವರು ಅದನ್ನು ಮನೆ ಪಾಲು ಮಾಡಿಕೊಳ್ಳುವ ಮಾತೆಂದು ತಿಳಿದರು. ಅಂದೇ ಪಾಲಾಯಿತು. ಮೊದಲನೆಯದು ಅಂಚಿನಮ್ಮನಿಗೆ, ಪುಸ್ತಕದ ಪುಟಗಳಿಗೆ. ಎರಡನೆಯದು ಕಾರ್ಡು, ಕರಪತ್ರ, ಭಿತ್ತಿಪತ್ರ ಮಾಡುವವರಿಗೆ. ಎರಡು ವರ್ಷದ ಮೇಲೆ ವಾರಗಿತ್ತಿ ಬಂದಾಗ ಅದು ಅವಳದಾಯಿತು. ಮೂರನೆಯದು ಯಜಮಾನರದು. ನಾಲ್ಕನೆಯದು ಹಜಾರ, ಮುದ್ರಣಕ್ಕೆ ಸಿದ್ಧವಾದದ್ದನ್ನು ಅಲ್ಲಿ ತಂದಿಡುವುದು. ಒಬ್ಬೊಬ್ಬರಿಗೆ ಬೇರೆ ಬೇರೆ ಖಾತೆ ತೆರೆಯಬಹುದೆಂಬ ಯೋಚನೆ ಯಾರಿಗೂ ಬರಲಿಲ್ಲ. ಕೋಣೆಗಳಿದ್ದ ಮೇಲೆ ಖಾತೆ ಯಾಕೆ?

ಕೋಣೆ ಎಂದ ಮೇಲೆ ಕೋಣೆಯ ರೀತಿ ರಿವಾಜುಗಳೂ ಹುಟ್ಟಿಕೊಂಡವು. ಇನ್ನೊಬ್ಬರ ಕೋಣೆಗೆ ಹೋಗಬೇಕಾದರೆ "ಬರ್ಲಾ?" ಎಂದು ಕೂಗಿ ಕೇಳಬೇಕು, ಅವರು ಬೀದಿಯಾಚೆ ಚಹಾ ಕುಡಿಯುತ್ತಿದ್ದರೂ ಸರಿ, "ಬನ್ನಿ" ಎಂದ ಮೇಲೆಯೇ ಗುಂಡಿ ಒತ್ತಬೇಕು. ಇನ್ನೊಬ್ಬರು ತೆರೆದಿಟ್ಟದ್ದನ್ನು ಮುಚ್ಚಬಾರದು. ಸಂಜೆ ಕಂಪ್ಯೂಟರನ್ನು ಪೂರ್ತಿ ಆರಿಸದೆ ಮಲಗಿಸುತ್ತಿದ್ದರಿಂದ, ಅವರವರು ಬಿಟ್ಟ ಕೆಲಸ ಬಿಟ್ಟ ಹಾಗೆಯೇ ಇರುತ್ತಿತ್ತು. ಕೋಣೆಯಿಲ್ಲದ ಬೈಂಡರ್ ತಾತ ಆಗಾಗ ಕಾಲೆಳೆಯುತ್ತಿದ್ದ: "ನನಗೂ ಒಂದು ಮೂಲೆ ಕೊಡ್ರಮ್ಮಾ, ಬಾಡಿಗೆ ಬೇಕಾದ್ರೆ ತಗೊಳ್ಳಿ." ಹೊರಗಿನವರು ಕೇಳಿ ನಗುತ್ತಿದ್ದರು. ಅಂಚಿನಮ್ಮ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳದೆ ಎರಡನೇ ಕೋಣೆಗೆ ಕಾಲಿಟ್ಟವರಲ್ಲ. ಈ ಮಾತನ್ನು ಅವರು ಬೇರೆ ಬೇರೆ ದಿನ, ಬೇರೆ ಬೇರೆ ಸಂದರ್ಭದಲ್ಲಿ, ಒಂದೇ ರೀತಿಯಲ್ಲಿ ಹೇಳಿದರು.

ವಾರಗಿತ್ತಿ ಆ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ಟೈಪಿಂಗ್ ಕೂಡ ಬರುತ್ತಿರಲಿಲ್ಲ. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಅಡುಗೆ. ಪಾತ್ರೆ ತೊಳೆಯುವಾಗ ಅಂಚಿನಮ್ಮ ಒಂದೊಂದೇ ಪಾಠ ಹೇಳಿಕೊಟ್ಟರು: ಯಾವ ಅಕ್ಷರ ಯಾವ ಅಳತೆಯಲ್ಲಿ ಕಣ್ಣಿಗೆ ಹಿತ, ಎರಡು ಸಾಲಿನ ನಡುವೆ ಎಷ್ಟು ಉಸಿರು ಬೇಕು, ತುಂಬ ಹೇಳಬೇಕೆನ್ನುವ ಗಿರಾಕಿಯನ್ನು ಕಡಿಮೆ ಮಾತಿಗೆ ಒಪ್ಪಿಸುವುದು ಹೇಗೆ. ಹುಡುಗಿ ಚುರುಕು. ಹೇಳಿದ್ದನ್ನು ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ. ದೊಡ್ಡ ಯಜಮಾನರ ಮುಂದೆ ಅವಳನ್ನು ಕರೆತಂದು ನಿಲ್ಲಿಸಿ, "ಇವಳಿಗೆ ನಾನು ಜವಾಬು" ಎಂದವರೂ ಅಂಚಿನಮ್ಮನೇ.

ಮನೆಯ ಬೀದಿ ಕಡೆಗೆ, ಪ್ರತ್ಯೇಕ ಬಾಗಿಲಿದ್ದ ಕೋಣೆಯೊಂದಿತ್ತು. ಅದರಲ್ಲಿ ಚಕ್ರವಿಲ್ಲದ ಸೈಕಲ್ಲು, ಕೀಲು ಮುರಿದ ಬೀರು, ಅಂಚಿನಮ್ಮನ ಗಂಡ ತಂದು ಹಾಕಿದ್ದ ಲಿಫ್ಟಿನ ಹಳೆಯ ಗುಂಡಿಗಳು. ಗಂಡ ಲಿಫ್ಟ್ ರಿಪೇರಿ ಮಾಡುವವರು. ಒಂದು ಸಂಜೆ ಸಾಬೂನಿನ ಕೈಯಲ್ಲೇ ವಾರಗಿತ್ತಿ ಹೇಳಿದಳು: "ಅಕ್ಕ, ಆ ಕೋಣೆ ಖಾಲಿ ಮಾಡಿದ್ರೆ ನಮ್ಮದೇ ಒಂದು ಅಂಗಡಿ ಆಗುತ್ತೆ. ನೀವು ಪುಸ್ತಕ, ನಾನು ಕಾರ್ಡು."

ಅಂಚಿನಮ್ಮ ಮೊದಲು ನಕ್ಕರು. ಆಮೇಲೆ ನಿದ್ದೆ ಬರಲಿಲ್ಲ. ಬೇರೆಯವರ ಹೆಸರನ್ನು ಅಚ್ಚುಕಟ್ಟಾಗಿ ಕೂರಿಸುತ್ತ ಐವತ್ತು ದಾಟಿದವರಿಗೆ, ತಮ್ಮ ಹೆಸರೂ ಎಲ್ಲಾದರೂ ಒಂದು ಕಡೆ ಕೂತೀತು ಎಂಬ ಆಸೆ ಆ ದಿನ ಹುಟ್ಟಿತು. ಹೆಸರು ಅವರೇ ಇಟ್ಟರು: ಬಿಳಿ ಅಂಚು. ಹಾಳಾದ ಹಾಳೆಗಳ ಬೆನ್ನಿನ ಮೇಲೆ ಚಪ್ಪಟೆ ಕುಂಚದಿಂದ ಆ ಎರಡು ಪದಗಳನ್ನು ವಾರಗಟ್ಟಲೆ ಬರೆದರು, ಅಳಿಸಿದರು, ಬರೆದರು.

"ಬೋರ್ಡಲ್ಲಿ ಯಾರ ಹೆಸರು ಮೊದಲು ಬರೋದೇ?" ಎಂದು ಒಮ್ಮೆ ಕೀಟಲೆಗೆ ಕೇಳಿದ್ದರು.

"ನಿಮ್ಮದೇ ಅಕ್ಕ. ಮೊದಲನೇ ಕೋಣೆ ನಿಮ್ಮದಲ್ವಾ?" ಎಂದಿದ್ದಳು ವಾರಗಿತ್ತಿ.

ದೊಡ್ಡ ಯಜಮಾನರು ತೀರಿಕೊಂಡು ಅವರ ಮಗಳು ಮುದ್ರಣಾಲಯ ನೋಡಿಕೊಳ್ಳಲು ಬಂದಳು. ಸಣ್ಣ ಯಜಮಾನಿಗೆ ಕಂಪ್ಯೂಟರಿನ ವಿಷಯ ಚೆನ್ನಾಗಿ ಗೊತ್ತು. ಆ ಹಳೆಯ ಡೆಸ್ಕ್‌ಟಾಪನ್ನು, ಅಂದರೆ ಪರದೆಯ ಮೇಲೆ ಎಲ್ಲವನ್ನೂ ತೋರಿಸುವ ತಂತ್ರಾಂಶವನ್ನು, ಮಾಡಿದವರೇ ಅದರ ಕೈಬಿಟ್ಟಿದ್ದಾರೆ, ಇನ್ನು ದುರಸ್ತಿ ಸಿಗುವುದಿಲ್ಲ ಎಂದು ವಿವರಿಸಿ, ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಹೊಸದೊಂದನ್ನು ಹಾಕಿದಳು.

"ಹದಿನೈದು ದಿನ ಬಳಸಿ ನೋಡೋಣ. ಅಂಚಿನಮ್ಮ ಹೂಂ ಅಂದ್ರೆ ಇರುತ್ತೆ, ಉಹೂಂ ಅಂದ್ರೆ ಹೇಗಾದ್ರೂ ಮಾಡಿ ಹಳೇದನ್ನೇ ತರ್ತೀನಿ. ಅವರಷ್ಟು ಹೊತ್ತು ಇದರ ಮುಂದೆ ಕೂರೋರು ಯಾರಿದಾರೆ?"

"ಹಾಗಾದ್ರೆ ಹದಿನೈದು ದಿನ ಯಾಕೆ ಮೇಡಂ," ಎಂದ ತಾತ, "ಈಗಲೇ ಕೇಳಿ. ಮುಖದ ಮೇಲೇ ಬರೆದಿದೆ."

ಅಂಚಿನಮ್ಮ ಪರದೆಯ ಕೆಳಭಾಗವನ್ನು ನೋಡುತ್ತಿದ್ದರು. ಅಲ್ಲಿ ಪಟ್ಟಿಯೂ ಇರಲಿಲ್ಲ, ಚೌಕಗಳೂ ಇರಲಿಲ್ಲ. "ನಾಲ್ಕು ಕೋಣೆ ಎಲ್ಲಿ ಹೋದ್ವು?"

"ಇದರಲ್ಲಿ ಎಷ್ಟು ಬೇಕೋ ಅಷ್ಟು ತಾನೇ ಹುಟ್ಕೊಳ್ಳುತ್ತೆ. ಖಾಲಿಯಾಗಿದ್ದು ತಾನೇ ಹೋಗುತ್ತೆ."

"ಮನೆಯೋರು ಪೇಟೆಗೆ ಹೋಗಿ ಬರೋದ್ರೊಳಗೆ ಮನೇನೇ ಇಲ್ಲ ಅಂದ್ರೆ?"

"ಗುಡಾರ ಅಂದ್ಕೊಳ್ಳಿ ಅಂಚಿನಮ್ಮಾ," ಎಂದ ತಾತ. "ಸರ್ಕಸ್ಸಿನೋರೂ ಬದುಕ್ತಾರೆ."

ಅಂಚಿನಮ್ಮ ಹೇಳಿದ ಹಾಗೆಯೇ ಆಯಿತು. ಮರುದಿನ ಕೆಲಸ ಮುಗಿಸಿ ತಮ್ಮ ಪುಟಗಳನ್ನೆಲ್ಲ ಮುಚ್ಚಿ, ನಾಲ್ಕನೆಯದಕ್ಕೆ ಹೋಗಿ ಕರಡು ನೋಡಿ ಹಿಂತಿರುಗಿದರೆ ಮೊದಲನೇ ಕೋಣೆಯೇ ಇಲ್ಲ. ಎರಡನೆಯದು ಮುಂದೆ ಸರಿದು ಅದರ ಜಾಗದಲ್ಲಿ ನಿಂತಿದೆ, ಕಣ್ಣೆದುರಿಗೆ ವಾರಗಿತ್ತಿಯ ಕಾರ್ಡುಗಳು. ಬಿಸಿ ಬಾಣಲೆ ಮುಟ್ಟಿದವರಂತೆ ಕೈ ತೆಗೆದು, "ಅಯ್ಯೋ, ಗೊತ್ತಾಗ್ಲಿಲ್ಲ ಕಣೇ" ಎಂದು ಪರದೆಗೇ ಹೇಳಿ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದರು. ತಾತ ನಕ್ಕು ನಕ್ಕು ಅಂಟಿನ ಬಟ್ಟಲಿಗೆ ಬೆರಳದ್ದಿದ. ಅಂದಿನಿಂದ ಅಂಚಿನಮ್ಮ ಏನೂ ಬರೆಯದ ಒಂದು ಕಡತವನ್ನು ತಮ್ಮ ಕೋಣೆಯಲ್ಲಿ ಸದಾ ತೆರೆದಿಡತೊಡಗಿದರು, ಬಾಗಿಲು ಬಡಿಯದಂತೆ ಕಲ್ಲು ಇಟ್ಟ ಹಾಗೆ.

ಇನ್ನೊಂದು ತೊಂದರೆಗೆ ಮಾತ್ರ ಮದ್ದು ಸಿಗಲಿಲ್ಲ. ಒಂದು ಪುಟ ಮುಗಿದೊಡನೆ ಮೌಸನ್ನು ಎಡಗಡೆ ಮೇಲ್ಮೂಲೆಗೆ ದೂಡಿಬಿಡುವುದು ಅವರ ಅಭ್ಯಾಸ. ಬಾಣದ ಗುರುತು ಪುಟದ ಮೇಲೆ ನಿಂತಿದ್ದರೆ, ಊಟದ ತಟ್ಟೆಯಲ್ಲಿ ನೊಣ ಕೂತ ಹಾಗೆ ಅವರಿಗೆ. ಅದನ್ನು ಆಚೆ ಅಟ್ಟಿ, ಹಿಂದಕ್ಕೆ ಒರಗಿ, ಪುಟವನ್ನು ಇಡಿಯಾಗಿ ನೋಡಿದ ಮೇಲೆಯೇ ಮುಂದಿನ ಕೆಲಸ. ಹೊಸ ಡೆಸ್ಕ್‌ಟಾಪಿನಲ್ಲಾದರೋ ಆ ಮೂಲೆ ಮುಟ್ಟಿದರೆ ಸಾಕು, ತೆರೆದದ್ದೆಲ್ಲ ಕುಗ್ಗಿ, ಎಲ್ಲ ಕೋಣೆಗಳೂ ಬಲಗಡೆ ಸಾಲಾಗಿ ಪುಟ್ಟ ಚಿತ್ರಗಳಾಗಿ ನಿಲ್ಲುತ್ತಿದ್ದವು. ಅವರು ತಟ್ಟನೆ ಗುಂಡಿ ಒತ್ತಿ ಅದನ್ನು ಓಡಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಓಡಿಸಿ, ಸಂಜೆ ಊಟಕ್ಕೆ ಕೂತಾಗ ಮನೆಯವರ ಮುಂದೆ ಶಪಿಸುತ್ತಿದ್ದರು.

ಕಾಗದದ ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಮೈದುನ ಒಂದು ಸಂಜೆ ಕೇಳಿದ: "ಅತ್ತಿಗೆ, ಪರದೆ ಬದಲಾಗಿದ್ದಕ್ಕೇ ಇಷ್ಟು ರಂಪ. ನಾಳೆ ಬೀದಿ ಬದಲಾದ್ರೆ ಮನೆಗೆ ಹೇಗೆ ಬರ್ತೀರಿ?"

"ನಿನ್ನ ಗೊರಕೆ ಕೇಳ್ಕೊಂಡು ಬರ್ತೀನಪ್ಪ," ಎಂದರು. ಎಲ್ಲರೂ ನಕ್ಕರು. ವಾರಗಿತ್ತಿ ಗಂಡನ ಮುಖ ನೋಡಿ ನಕ್ಕಳು. ಅವಳಿಗೆ ಹೊಸದು ಎರಡೇ ದಿನದಲ್ಲಿ ಕೈಗೂಡಿತ್ತು; ಅದನ್ನು ಹೆಮ್ಮೆಯಿಂದ ಹೇಳಿದವರೂ ಅಂಚಿನಮ್ಮನೇ.

ಎರಡನೇ ವಾರದ ಒಂದು ಬೆಳಿಗ್ಗೆ ಅವರು ತೋಟಗಾರಿಕೆಯ ಕೈಪಿಡಿಯೊಂದರ ಪುಟ ಮುಗಿಸಿ, ಎಂದಿನಂತೆ ಮೌಸನ್ನು ಮೂಲೆಗೆ ದೂಡಿದರು. ಪರದೆ ಕುಗ್ಗಿತು. ಗುಂಡಿ ಒತ್ತುವಷ್ಟರಲ್ಲಿ ಕೌಂಟರಿನ ಫೋನು ಬಡಿದುಕೊಂಡಿತು. ಎದ್ದು ಹೋದರು. ಗಿರಾಕಿಯೊಬ್ಬರಿಗೆ ಇನ್ನೂ ಆಗಿಲ್ಲವೆಂದು ಸಮಾಧಾನ ಹೇಳಿ ಹಿಂತಿರುಗಿ ಬಂದಾಗ ಕೋಣೆಗಳು ಸಾಲಾಗಿ ನಿಂತೇ ಇದ್ದವು. ಎರಡನೆಯದರಲ್ಲಿ, ಕಡು ಹಸುರಿನ ಮೇಲೆ ಬಿಳಿಯ ದಪ್ಪ ಅಕ್ಷರ.

ಓದುವ ಮೊದಲೇ ಅಕ್ಷರದ ಗುರುತು ಸಿಕ್ಕಿತು. ಕೂಸಿನ ನಡಿಗೆ ತಾಯಿಗೆ ದೂರದಿಂದಲೇ ತಿಳಿಯುವ ಹಾಗೆ. ತಾವು ಕುಂಚದಲ್ಲಿ ಎಳೆದ ಬಕಾರದ ಹೊಟ್ಟೆ, ಕೊನೆಗೆ ಸ್ವಲ್ಪ ಮೇಲಕ್ಕೆ ತಿರುಗಿಸಿದ ಬಾಲ. ಬಿಳಿ ಅಂಚು.

ಮೊದಲು ಬಂದದ್ದು ಸಂತೋಷವೇ. ಅದನ್ನು ಅವರು ಮುಚ್ಚಿಡಲಿಲ್ಲ. "ಕಳ್ಳಿ, ನನಗೆ ಹೇಳ್ದೇ ಬೋರ್ಡ್ ಮಾಡ್ತಾ ಇದಾಳೆ ಅಂದ್ಕೊಂಡೆ," ಎಂದರು. ಮುಖದಲ್ಲಿ ನಗು ಇತ್ತಂತೆ. ಹೆಸರಿನ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಅಚ್ಚಿನ ಚುಕ್ಕಿ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ತಂದು ಪರದೆಗೆ ಹಿಡಿದರು. ಕೆಂಪು, ಹಸುರು, ನೀಲಿ ಕಾಳುಗಳು ಬಿಟ್ಟರೆ ಏನೂ ಕಾಣಲಿಲ್ಲ. ಗಾಜು ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಮೊದಲ ಸಾಲಿನಲ್ಲಿ ವಾರಗಿತ್ತಿಯ ಹೆಸರು. ಎರಡನೆಯದರಲ್ಲಿ ಮೈದುನನ ಹೆಸರು.

ಕೋಣೆಯೊಳಗೆ ಅವರು ಹೋಗಲಿಲ್ಲ. ಹೊರಗೆ ನಿಂತೇ, ಬೋರ್ಡು ಇನ್ನೂ ಅರ್ಧ ಆಗಿರಬಹುದೇ ಎಂದು ನೋಡಿದರು. ಬೇರೆಯವರಾಗಿದ್ದರೆ ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಅವರು ಪುಟ ಜೋಡಿಸುವವರು. ಮೂರನೆಯ ಹೆಸರಿಗೆ ಜಾಗ ಉಳಿಸಿದ ಬೋರ್ಡಾಗಿದ್ದರೆ ಸಾಲುಗಳು ಮೇಲಕ್ಕೆ ಸರಿದಿರುತ್ತಿದ್ದವು. ಇಲ್ಲಿ ಎಲ್ಲವೂ ನಟ್ಟನಡುವೆ ಕೂತಿತ್ತು, ಸುತ್ತಲೂ ಸಮನಾಗಿ ಧಾರಾಳವಾದ ಅಂಚು ಬಿಟ್ಟಿತ್ತು. ತಾವೇ ಕಲಿಸಿದ್ದ ಹಾಗೆ. ಅದು ಮುಗಿದ ಕೆಲಸ.

"ತಾತ, ಒಂದ್ಸಲ ಬನ್ನಿ ಇಲ್ಲಿ."

ತಾತ ಕೈ ಒರೆಸಿಕೊಂಡು ಬಂದ. ಪರದೆ ನೋಡಿದ. ಅವರ ಮುಖ ನೋಡಿದ. ಎಂದೂ ಮಾತಿಗೆ ತಡವರಿಸದ ಬಾಯಿ ಆಗ ತಡವರಿಸಿತು.

"ನಿಮಗೆ ಗೊತ್ತಿರ್ಲಿಲ್ವಾ?"

"ನಿಮಗೆ ಗೊತ್ತಿತ್ತಾ?"

"ನಿಮ್ಮ ಮೈದುನ ಬಂದಿದ್ದ. ಅಂಗಡಿ ತೆಗೀತೀವಿ, ಬೈಂಡಿಂಗ್ ಮಾಡ್ಕೊಡ್ತೀಯಾ ಅಂದ. ನೀವೂ ಇದೀರಿ ಅಂದ್ಕೊಂಡೆ ಕಣಮ್ಮಾ. ಹೆಸರು ಕೇಳಿದ್ಮೇಲೆ ನೀವಿಲ್ದೇ ಇರ್ತೀರಾ ಅಂದ್ಕೊಂಡೆ."

ಊರಿಗೆಲ್ಲ ಗೊತ್ತು, ಮನೆಯವಳಿಗೆ ಗೊತ್ತಿಲ್ಲ. ಅಂಚಿನಮ್ಮ ಗುಂಡಿ ಒತ್ತಿ ಕೋಣೆಗಳನ್ನು ಓಡಿಸಿ, ಕೈಪಿಡಿಯ ಮುಂದಿನ ಪುಟ ತೆಗೆದರು. ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವ ವಿಷಯ. ಆ ಪುಟದಲ್ಲಿ ಅವರ ಕೈಯಿಂದ ಆದ ತಪ್ಪುಗಳನ್ನು ಆಮೇಲೆ ಸಣ್ಣ ಯಜಮಾನಿ ತಿದ್ದಬೇಕಾಯಿತು.

ಸಂಜೆ ಗಂಡ ಹಿತ್ತಿಲ ನಲ್ಲಿಯ ಬಳಿ ಕೈಯ ಗ್ರೀಸು ತೊಳೆಯುತ್ತಿದ್ದರು. ಅಂಚಿನಮ್ಮ ಬಾಗಿಲಲ್ಲೇ ನಿಂತು ಕೇಳಿದರು:

"ರೀ, ಬೀದಿ ಕಡೆ ಕೋಣೆ ಯಾರಿಗೆ ಕೊಟ್ರಿ?"

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳಿದ್ರು?"

"ನಾನು ಕೇಳ್ತಿರೋದೂ ಅದೇ. ಯಾರೂ ಹೇಳ್ಲಿಲ್ಲ."

"ಅವನು ಕೇಳ್ದ. ಮನೇಲಿ ಅವನ ಪಾಲೂ ಇದೆ ಅಲ್ವೇನೇ? ಗಂಡ ಹೆಂಡ್ತಿ ಸೇರಿ ಏನೋ ಮಾಡ್ಕೋತೀವಿ ಅಂದ್ರೆ ಬೇಡ ಅನ್ನೋಕಾಗುತ್ತಾ?"

"ಯಾವಾಗ ಕೇಳಿದ್ದು?"

"ಬೇಸಿಗೇಲಿ."

"ನಾನು ಹಾಳೆ ಹಾಳೆ ಅಕ್ಷರ ಬರೀತಿದ್ದಾಗ ನೀವು ಪಕ್ಕದಲ್ಲೇ ಕೂತಿದ್ರಿ. ಚೆನ್ನಾಗಿದೆ ಅಂದ್ರಿ."

"ಚೆನ್ನಾಗೇ ಇತ್ತು." ಅವರು ಈಗ ಉಗುರಿನ ಸಂದಿ ತೊಳೆಯುತ್ತಿದ್ದರು. "ಹೇಳಿದ್ರೆ ನೊಂದ್ಕೊಳ್ತೀಯ ಅಂತ ಹೇಳ್ಲಿಲ್ಲ."

"ನೋವಾಗ್ಬಾರ್ದು ಅಂತ ಬೇಸಿಗೆಯಿಂದ ಮುಚ್ಚಿಟ್ರಾ? ಹಲ್ಲು ಕೀಳೋನೂ ಮೊದಲು ಬಾಯಿ ತೆಗಿ ಅಂತಾನೆ ಕಣ್ರೀ."

ಗಂಡ ನಲ್ಲಿ ನಿಲ್ಲಿಸಿದರು. ಸಮಾಧಾನದ ಮಾತೊಂದು ಹುಡುಕಿ ತೆಗೆದರು. "ನಿನ್ನನ್ನೇನೂ ಬಿಟ್ಟಿಲ್ಲ. ಪ್ರೂಫ್ ನೋಡೋಕೆ ಒಬ್ರು ಬೇಕಂತೆ. ನೀನು ಬಂದ್ರೆ ಒಳ್ಳೇದು ಅಂದ್ಲು ಅವಳೇ."

ತಾನೇ ಹೆಸರಿಟ್ಟ ಅಂಗಡಿಗೆ ಆಳಾಗಿ ಬಾ ಎಂಬ ಕರೆ. ಅದಕ್ಕೆ ಏನು ಉತ್ತರ ಕೊಟ್ಟಿರಿ ಎಂಬ ಪ್ರಶ್ನೆಗೆ ಅವರು, "ನಕ್ಕೆ" ಎಂದರು. ಆ ದಿನದ ಮಾತುಕತೆ ಅಲ್ಲಿಗೇ ನಿಂತಿತು. ಊಟದ ಡಬ್ಬಿ ತೆರೆಯದೆಯೇ ಎದ್ದು ಹೋದರು. ಮುಂದಿನದನ್ನು ಹೇಳಿದ್ದು ಮುಂದಿನ ವಾರ.

ಗಂಡನ ಜೊತೆ ಮಾತಾದ ಮರುದಿನ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ವಾರಗಿತ್ತಿ ಎಂದಿನಂತೆ ಬಂದಳು. ಚೀಲ ಮೊಳೆಗೆ ತೂಗುಹಾಕಿದಳು. ಅಂಚಿನಮ್ಮ ಕುರ್ಚಿಯಿಂದ ಏಳಲಿಲ್ಲ, ದಿಂಬು ತೆಗೆಯಲಿಲ್ಲ.

"ಬೋರ್ಡು ಚೆನ್ನಾಗಿ ಬಂದಿದೆ ಕಣೇ."

"ಯಾವ ಬೋರ್ಡು?" ಎಂದಳು. ಎಂದವಳ ಕಣ್ಣು ಪರದೆಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬರೀ ಗಾದೆಯಲ್ಲ. ಆದರೆ ಅವಳು ಚುರುಕು. ಮರುಕ್ಷಣವೇ ಮುಖ ಬಿಗಿಯಾಯಿತು.

"ನನ್ನ ಕೋಣೆಗೆ ಬಂದಿದ್ರಾ ಅಕ್ಕಾ? ಕೇಳ್ದೇ?"

ಅಂಚಿನಮ್ಮನಿಗೆ ಬದುಕಿನುದ್ದಕ್ಕೂ ಮರೆಯಲಾಗದ ಗಳಿಗೆ ಇದು. ಬೋರ್ಡು ಕಂಡದ್ದಲ್ಲ, ಗಂಡ ನಲ್ಲಿಯ ಬಳಿ ತಲೆ ತಗ್ಗಿಸಿದ್ದಲ್ಲ. ಆ ಪ್ರಶ್ನೆ ಕೇಳಿದೊಡನೆ ಅವರ ಬಾಯಿಂದ ಬಂದ ಮಾತು ಹೀಗಿತ್ತು: "ಇಲ್ಲ ಕಣೇ, ನಾನು ಬರ್ಲಿಲ್ಲ. ಆಣೆಗೂ ಬರ್ಲಿಲ್ಲ. ಮೌಸು ಮೂಲೆಗೆ ಹೋಯ್ತು, ಅದು ತಾನೇ..." ಅಷ್ಟು ಹೇಳಿ ಅವರಿಗೆ ತಮ್ಮ ದನಿ ತಮಗೇ ಕೇಳಿಸಿತು. ಉಂಡ ಮನೆಯ ಗಳ ಎಣಿಸಿದವಳು ನೆಟ್ಟಗೆ ನಿಂತಿದ್ದಾಳೆ. ತಾವು ಕೂತಲ್ಲೇ ಕುಗ್ಗಿ ಅವಳಿಗೆ ಸಾಕ್ಷಿ ಒಪ್ಪಿಸುತ್ತಿದ್ದಾರೆ.

ತಾತ ಹಿಂದಿನಿಂದ ಕೆಮ್ಮಿದ. ಅಂಚಿನಮ್ಮ ಮಾತು ನುಂಗಿಕೊಂಡರು.

"ಅದು ಬಿಡು. ಯಾಕೆ ಅಂತ ಒಂದು ಮಾತು ಹೇಳು."

ವಾರಗಿತ್ತಿ ಕಿಟಕಿಯ ಕಟ್ಟೆಗೆ ಒರಗಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ. ಬಹುದಿನದಿಂದ ಜೋಡಿಸಿಟ್ಟ ಮಾತುಗಳಂತೆ ಒಂದೊಂದೇ ಹೇಳಿದಳು. "ಅಕ್ಕ, ನೀವು ಒಂದು ಪುಟಕ್ಕೆ ಅರ್ಧ ದಿನ ಮಾಡ್ತೀರಿ. ಈಗ ಬರೋರು ನಿಂತ ಕಾಲ ಮೇಲೆ ಕೇಳ್ತಾರೆ. ಅಂಚು ಕಮ್ಮಿ ಮಾಡಿ ಅಂದ್ರೆ ನೀವು ಜಗಳಕ್ಕೆ ನಿಲ್ತೀರಿ. ನಮ್ಮೋರು ಹೇಳಿದ್ರು, ಅತ್ತಿಗೆ ಇದ್ರೆ ಅಂಗಡಿ ನಡಿಯಲ್ಲ, ಮಠ ಆಗುತ್ತೆ ಅಂತ. ನಿಮಗೆ ಹೊಸದು ಒಗ್ಗಲ್ಲ. ಈ ಹದಿನೈದು ದಿನ ನಾನೇ ನೋಡಿದೆನಲ್ಲ."

"ಬೇಸಿಗೇಲಿ ಈ ಹದಿನೈದು ದಿನ ಎಲ್ಲಿತ್ತೇ?"

ವಾರಗಿತ್ತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೆಸರು ನಂದು. ಅಕ್ಷರ ನಂದು," ಎಂದರು ಅಂಚಿನಮ್ಮ.

"ಹೆಸರು ಇಬ್ರೂ ಸೇರಿ ಇಟ್ಟಿದ್ದು."

"ಸರಿ, ಪಾಲು ಮಾಡ್ಕೊಳ್ಳೋಣ. ಬಿಳಿ ನೀನು ತಗೋ, ಅಂಚು ನನಗಿರ್ಲಿ."

ಹಿಂದಿನಿಂದ ತಾತ ಕಿಸಕ್ಕನೆ ನಕ್ಕುಬಿಟ್ಟ. ವಾರಗಿತ್ತಿಯ ತುಟಿಯೂ ಒಂದು ಗಳಿಗೆ ಅದುರಿತು. ಪಾತ್ರೆ ತೊಳೆಯುವಾಗ ಇಂಥ ಮಾತಿಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದ ಕಾಲವೊಂದಿತ್ತು. ಆಮೇಲೆ ಅವಳು ನೆಲ ನೋಡಿದಳು. "ಬೋರ್ಡು ಬರೆಯೋರಿಗೆ ಕೊಟ್ಟಾಗಿದೆ ಅಕ್ಕ," ಎಂದಳು.

ಅಂಚಿನಮ್ಮ ಎದ್ದರು. ದಿಂಬನ್ನು ಕಟ್ಟೆಯ ಮೇಲೆ ಇಡುವುದು ಬಿಟ್ಟು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಯಾಕೆ ಹಾಗೆ ಮಾಡಿದೆನೋ ತಿಳಿಯದು ಎಂದರು. ದಾರಿಯುದ್ದಕ್ಕೂ ಜನ ನೋಡುತ್ತಿದ್ದರಂತೆ.

ಮನೆಯಲ್ಲಿ ಆ ವಾರವೇ ಒಲೆ ಎರಡಾಯಿತು. ಗಂಡ ಎರಡೂ ಕಡೆ ಉಣ್ಣಲು ನೋಡಿ ಎರಡೂ ಕಡೆ ಅರೆಹೊಟ್ಟೆಯಾದರು. ಸೈಕಲ್ಲು, ಬೀರು, ಲಿಫ್ಟಿನ ಗುಂಡಿಗಳು ಬೀದಿ ಕಡೆಯ ಕೋಣೆಯಿಂದ ಹಿತ್ತಿಲಿಗೆ ಬಂದವು.

ಹದಿನೈದು ದಿನ ಮುಗಿದ ಸೋಮವಾರ ಸಣ್ಣ ಯಜಮಾನಿ ಎಲ್ಲರಿಗೂ ಚಹಾ ತರಿಸಿದಳು. ಈ ಮನೆಯ ವಿಷಯ ಅವಳ ಕಿವಿಗೆ ಬಿದ್ದಿರಲಿಲ್ಲ. ವಾರಗಿತ್ತಿಯೂ ಆ ದಿನ ಬೆಳಿಗ್ಗೆಯೇ ಬಂದಿದ್ದಳು. ಕೆಲಸ ಬಿಡುವ ಮಾತು ಹೇಳುವುದಕ್ಕೆ. ಅದಕ್ಕೆ ಮೊದಲೇ ಯಜಮಾನಿ ಕೇಳಿದಳು:

"ಹೇಳಿ, ಹೊಸದು ಇರ್ಲಾ, ಹೋಗ್ಲಾ?"

"ಹಳೇದೇ ವಾಸಿ," ಎಂದಳು ವಾರಗಿತ್ತಿ.

ಯಜಮಾನಿಗೆ ಆಶ್ಚರ್ಯ. "ನೀವೇ ಅಲ್ವಾ ಹೊಗಳ್ತಿದ್ದಿದ್ದು?"

"ಇದರಲ್ಲಿ ಒಬ್ರದು ಇನ್ನೊಬ್ರಿಗೆ ಕಾಣುತ್ತೆ. ಮರೆ ಅನ್ನೋದೇ ಇಲ್ಲ."

"ಅಂಚಿನಮ್ಮಂದಂತೂ ಗೊತ್ತೇ ಇದೆ," ಎಂದ ತಾತ, ವಾತಾವರಣ ತಿಳಿ ಮಾಡಲು. "ಗುಡಾರ ಕಿತ್ತು ಹಳೇ ಮನೆಗೆ ನಡೀರಿ."

ಅಂಚಿನಮ್ಮ ಲೋಟ ಕೆಳಗಿಟ್ಟರು. "ಹೊಸದೇ ಇರ್ಲಿ."

ಯಜಮಾನಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. "ನಿಮಗೆ ಹಿಡಿಸಿಲ್ವಲ್ಲ ಅಂಚಿನಮ್ಮ? ದಿನಾ ಬೈತಿದ್ರಿ."

"ಹಿಡಿಸಿಲ್ಲ ಮೇಡಂ. ಈಗಲೂ ಹಿಡಿಸಿಲ್ಲ. ಆದ್ರೂ ಇರ್ಲಿ."

"ಅಕ್ಕ..." ಎಂದಳು ವಾರಗಿತ್ತಿ.

ಅಂಚಿನಮ್ಮ ಅವಳ ಕಡೆ ತಿರುಗಲಿಲ್ಲ. ಕುರ್ಚಿಯ ಮೇಲೆ ಕೂತು, ಕೈಪಿಡಿಯ ಪುಟ ತೆಗೆದು, ಮೌಸನ್ನು ಬೇಕೆಂದೇ ಎಡಗಡೆಯ ಮೇಲ್ಮೂಲೆಗೆ ದೂಡಿದರು. ಕೋಣೆಗಳು ಎಲ್ಲರೆದುರಿಗೆ ಸಾಲಾಗಿ ನಿಂತವು. ಎರಡನೆಯದರಲ್ಲಿ ಹಸುರು ಬೋರ್ಡು ಇನ್ನೂ ತೆರೆದೇ ಇತ್ತು. ಸಣ್ಣ ಯಜಮಾನಿ ಬಗ್ಗಿ ಅದನ್ನು ಓದಿದಳು. ಓದಿ ಮುಗಿಸಿ ನೆಟ್ಟಗಾದಾಗ ವಾರಗಿತ್ತಿ ಮೊಳೆಯಿಂದ ಚೀಲ ತೆಗೆದುಕೊಳ್ಳುತ್ತಿದ್ದಳು.

ಯಾಕೆ ಹಾಗೆ ಹೇಳಿದಿರಿ ಎಂದು ಕೊನೆಯ ಮಾತುಕತೆಯಲ್ಲಿ ಕೇಳಲಾಯಿತು. ಸೇಡಿಗೆ ಎಂದು ಬರೆದುಕೊಳ್ಳಬಾರದು ಎಂದರು. ಮತ್ತೆ ತಾವೇ, "ಬರೆದ್ರೂ ತಪ್ಪಿಲ್ಲ" ಎಂದರು. ಬೋರ್ಡು ಈಗ ಅವರ ಮನೆಯ ಮುಂದೆಯೇ ತೂಗುತ್ತಿದೆ. ಅದರ ಕೆಳಗೆ ಹಾದು ದಿನವೂ ಕೆಲಸಕ್ಕೆ ಹೋಗುತ್ತಾರೆ, ದಿನವೂ ಹಿಂತಿರುಗುತ್ತಾರೆ. ಆ ಕೋಣೆಯ ಬಾಗಿಲು ತೆರೆದಿದ್ದರೂ ಒಳಗೆ ನೋಡುವುದಿಲ್ಲ. ಅಂಗಡಿ ಹೇಗೆ ನಡೆಯುತ್ತಿದೆಯೋ ತಿಳಿಯದು ಎಂದರು. ಬರೆದದ್ದನ್ನು ಓದಿ ಹೇಳಿದಾಗ ಒಂದೇ ಕಡೆ ತಿದ್ದಿಸಿದರು: ಕರಡಿನಲ್ಲಿ ವಾರಗಿತ್ತಿಗೆ ಟೈಪಿಂಗ್ ತಕ್ಕಮಟ್ಟಿಗೆ ಬರುತ್ತಿತ್ತು ಎಂದಿದ್ದುದನ್ನು, ಏನೂ ಬರುತ್ತಿರಲಿಲ್ಲ ಎಂದು ಮಾಡಿಸಿದರು. ಅದರಂತೆ ಮೇಲೆ ತಿದ್ದಲಾಗಿದೆ.

ಮುದ್ರಣಾಲಯದಲ್ಲಿ ವಿಚಾರಿಸಿ ದಾಖಲೆಗೆ ಸೇರಿಸಿದ ಸಂಗತಿ: ೨೦೧೭ರ ನವೆಂಬರ್ ೨೦ನೇ ತಾರೀಖು, ಸೋಮವಾರ, ಪುಟ ಜೋಡಿಸುವ ಕಂಪ್ಯೂಟರಿನಲ್ಲಿ ಹೊಸ ಡೆಸ್ಕ್‌ಟಾಪ್ ಕಾಯಂ ಆಯಿತು, ಅದೇ ಮಧ್ಯಾಹ್ನದಿಂದ ಎರಡೂ ಪಾಳಿಗಳನ್ನು ಅಂಚಿನಮ್ಮನೇ ಮಾಡುತ್ತಿದ್ದಾರೆ.